ಐದು ಸೂಜಿ, ಒಬ್ಬ ಸೋದರಮಾವ

ನನ್ನ ಗಂಡ ಮಹಾದೇವಪ್ಪನವರ ಹತ್ತಿರ ಒಂದು ಹಿತ್ತಾಳೆ ತಾಟಿತ್ತು. ಊಟಕ್ಕಲ್ಲ, ಬಡಿಯುವುದಕ್ಕೆ. ಭೂಕಂಪ ಆದಾಗಿನಿಂದ ಆ ತಾಟು ಮತ್ತು ಒಂದು ಕಬ್ಬಿಣದ ಸೌಟು ಅವರ ತಲೆದಿಂಬಿನ ಪಕ್ಕದಲ್ಲೇ ಮಲಗುತ್ತಿದ್ದವು. ಹೆಂಡತಿಗೆ ಅಲ್ಲಿ ಜಾಗ ಇರಲಿಲ್ಲ. ಸರಕಾರ ಕಟ್ಟಿಸಿಕೊಟ್ಟ ಹೊಸ ಮನೆ ಇತ್ತು, ಸ್ಲ್ಯಾಬಿನದು, ಗಟ್ಟಿಯಾದದ್ದು. ಈ ಮಹಾರಾಯರು ಅದರೊಳಗೆ ಕಾಲಿಡುತ್ತಿದ್ದದ್ದು ಊಟಕ್ಕೆ ಮತ್ತು ಲಿಂಗಪೂಜೆಗೆ ಮಾತ್ರ, ಅದೂ ಒಂದು ಕಣ್ಣನ್ನು ಬಾಗಿಲ ಮೇಲಿಟ್ಟು. ಮಲಗುವುದು ಅಂಗಳದ ತಗಡಿನ ಶೆಡ್ಡಿನಲ್ಲಿ.

ಮಲಗುವುದು ಎಂದೆನಲ್ಲ, ಸುಳ್ಳು. ಕೂರುವುದು. ಕಾಸಾರಶಿರಸಿಯ ರಸ್ತೆಯಲ್ಲಿ ಕಬ್ಬಿನ ಲಾರಿ ಹಾದರೆ ನಮ್ಮೂರಿನ ನೆಲ ತುಸು ನಡುಗುತ್ತದೆ. ಅವರಿಗೆ ಅಷ್ಟು ಸಾಕು. ಢಣ್ ಢಣ್ ಢಣ್! ಇಡೀ ಓಣಿ ಎದ್ದು, ಮಕ್ಕಳುಮರಿ ಎತ್ತಿಕೊಂಡು ಬಯಲಿಗೆ ಬರಬೇಕು. ಮೊದಲ ವರ್ಷ ಜನ ಕೈಮುಗಿದರು, ಪುಣ್ಯಾತ್ಮ ನಮ್ಮನ್ನು ಕಾಯುತ್ತಾನೆ ಎಂದು. ಎರಡನೆಯ ವರ್ಷ ಬೈದರು. ಮೂರನೆಯ ವರ್ಷಕ್ಕೆ ಎದುರುಮನೆಯ ಸರುಬಾಯಿ ನನ್ನ ಮುಖಕ್ಕೇ ಹೇಳಿದಳು.

"ಸುಗಂಧಕ್ಕಾ, ಭೂಕಂಪ ಒಂದ್ ಸಲ ಬಂದು ಹೋತು. ನಿಮ್ಮ ಮನಿಯವರು ದಿನಾ ಬರ್ತಾರ ನೋಡ್ರಿ."

ಉಮರ್ಗಾದ ಡಾಕ್ಟರು ನಿದ್ದೆಗೆಂದು ಗುಳಿಗೆ ಕೊಟ್ಟಿದ್ದರು. ಇವರು ಬಾಯಿಗೆ ಹಾಕಿಕೊಂಡಂತೆ ಮಾಡಿ ದನದ ಗೋದಲಿಗೆ ಉಗುಳುತ್ತಿದ್ದರು. "ನಾ ಮಲಕೊಂಡ್ರ ಮಂದಿಗಿ ಯಾರು ಎಬ್ಬಸ್ತಾರ?" ಎಂಬುದು ಅವರ ವಾದ. ಆ ಮೂರು ವರ್ಷ ನಮ್ಮ ಮನೆಯಲ್ಲಿ ಕಣ್ತುಂಬ ನಿದ್ದೆ ಮಾಡಿದ್ದು ಎಮ್ಮೆ ಒಂದೇ.

ಇದನ್ನೆಲ್ಲ ಸಹಿಸಿಕೊಂಡೇ ಇದ್ದೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಮಗಳ ವಿಷಯಕ್ಕೆ. ಒಬ್ಬಳೇ ಮಗಳು ತ್ರಿವೇಣಿ, ಜಳಕೋಟಕ್ಕೆ ಕೊಟ್ಟಿದ್ದೇವೆ. ಆಕೆಗೆ ಏಳು ತಿಂಗಳು ತುಂಬಿತ್ತು, ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲಿ ಆಗದಿದ್ದರೆ ತವರೆಂಬುದು ಇದ್ದೇನು ಫಲ? ನಾನು ಬಾಣಂತಿಯ ಉಂಡೆಗೆಂದು ಅಂಟು, ಉತ್ತತ್ತಿ ಕೂಡಿಸಿಟ್ಟಿದ್ದೆ. ನನ್ನ ಹಳೆಯ ಸೀರೆಗಳನ್ನೆಲ್ಲ ಹರಿದು ಕೂಸಿಗೆ ಕೌದಿ ಹೊಲಿದಿದ್ದೆ. ಮಗಳನ್ನು ಕರೆಯಲು ಹೋದಾಗ ಬೀಗತಿ ರಂಭಾಬಾಯಿ ಚಹಾ ಕೊಟ್ಟಳು, ಉಪ್ಪಿಟ್ಟು ಕೊಟ್ಟಳು, ಆಮೇಲೆ ನಗುನಗುತ್ತಲೇ ಕುತ್ತಿಗೆಗೆ ಕತ್ತಿ ಇಟ್ಟಳು.

"ನಿಮ್ಮ ಮನ್ಯಾಗ ತಾಟು ಬಡೀತಾರಂತಲ್ಲರಿ ಬೀಗತಿ? ಹಸಿ ಬಾಣಂತಿ, ಹಸಿ ಕೂಸು. ಢಣ್ ಅಂದ ಕೂಡ್ಲೇ ಕೂಸು ಹೌಹಾರಿ ಏನಾರ ಆದ್ರ? ನಾ ಕಳಸಲ್ರಿ. ಬಾಣಂತನ ಇಲ್ಲೇ ಆಗ್ಲಿ."

ತ್ರಿವೇಣಿ ಒಳಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬಸ್ಸಿಗೆ ಬಿಡಲು ಬಂದವಳು, "ಅವ್ವಾ, ನಂಗ ನಿನ್ನ ಹಂತ್ಯಾಕೇ ಇರಬೇಕು ಅನಸ್ತದ. ಏನಾರ ಮಾಡು" ಎಂದಳು. ಉದ್ಗೀರ್ ಬರುವವರೆಗೆ ನಾನು ಅತ್ತೆ. ಉದ್ಗೀರಿನಿಂದ ಮನೆಯವರೆಗೆ ಗಂಡನನ್ನು ಬೈದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಪಾಪ, ನಾನು ತನ್ನನ್ನೇ ಬೈಯುತ್ತಿದ್ದೇನೆಂದು ಸೀಟು ಬದಲಿಸಿದಳು.

ಆ ವಾರವೇ ಸರುಬಾಯಿ ಒಂದು ಸುದ್ದಿ ತಂದಳು. ಕಾಸಾರಶಿರಸಿಯ ಸಮಾಜ ಮಂದಿರಕ್ಕೆ ಸಂತೆಯ ದಿನ ಒಬ್ಬ ಡಾಕ್ಟರಬಾಯಿ ಬರುತ್ತಾಳಂತೆ. ಮೀನಲ ಎಂದು ಹೆಸರು, ಉದ್ಗೀರದವಳು, ಪುಣೆಯಲ್ಲಿ ಕಲಿತವಳು. ಕಿವಿಗೆ ಕೂದಲಿನಂಥ ಸೂಜಿ ಚುಚ್ಚಿ ಕೂರಿಸುತ್ತಾಳೆ. ಭೂಕಂಪ ಕಂಡವರ ಎದೆಬಡಿತ, ನಿದ್ದೆಗೇಡು ಸ್ವಲ್ಪ ತಣ್ಣಗಾಗುತ್ತದಂತೆ.

"ಕಿವ್ಯಾಗ ಚುಚ್ಚಿದ್ರ ಕಣ್ಣಿಗಿ ನಿದ್ದಿ ಹ್ಯಾಂಗ ಬರ್ತದ?" ಎಂದೆ.

"ನಂಗೇನು ಗೊತ್ತರಿ? ಖರೇ ನಮ್ಮ ತಮ್ಮ ಹೋಗಿ ಬಂದಾನ. ಬಂದಾಗಿಂದ ಹೆಂಡ್ತಿಗಿ ಬೈದಿಲ್ಲ."

ಇಷ್ಟು ಗುಣದ ಔಷಧವನ್ನು ನಾನು ಅದುವರೆಗೆ ಕೇಳಿರಲಿಲ್ಲ. ತಕ್ಷಣ ಹೋಗಿ ಗಂಡನಿಗೆ ಹೇಳಿದೆ. ಅವರು ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ಒಲ್ಲೆ ಎಂದರೆ ನಾನು ಬಿಡುವವಳಲ್ಲ ಎಂದು ಅವರಿಗೆ ಗೊತ್ತು. ಅದಕ್ಕೇ ಮೀಸೆ ತಿರುವಿ ಪದ್ಧತಿಯ ಮಾತು ತೆಗೆದರು.

"ಕಿವಿ ಚುಚ್ಚಸ್ಕೊಳ್ಳೋದಂದ್ರ ಸಣ್ಣ ಮಾತೇನು? ಸೋದರಮಾವನ ತೊಡಿ ಮ್ಯಾಲ ಕುಂತು, ಬಾಯಾಗ ಕೊಬ್ರಿ-ಬೆಲ್ಲ ಹಾಕ್ಕೊಂಡು ಚುಚ್ಚಸ್ಕೋಬೇಕು. ನಮ್ಮ ಹಿರೇರು ಹಂಗೇ ಮಾಡ್ಕೋತ ಬಂದಾರ. ಮಾವ ಇಲ್ದೇ ಕಿವಿಗಿ ಸೂಜಿ ಹಚ್ಚಲಿಕ್ಕ ಬರಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ತಲೆಯಾಡಿಸಿದರು. ಹೌದಲ್ಲ! ಚುಚ್ಚುವವನು ಅಕ್ಕಸಾಲಿಗನಾದರೇನು, ಡಾಕ್ಟರಬಾಯಿಯಾದರೇನು, ಪದ್ಧತಿ ಪದ್ಧತಿಯೇ. ಸಂಜೆಯೊಳಗೆ ಈ ಮಾತು ಸುತ್ತಲಿನ ಊರಿಗೆಲ್ಲ ಹಬ್ಬಿತು. ನನ್ನ ಗಂಡ ಮಾತ್ರ ಗೆದ್ದೆ ಎಂದು ಒಳಗೊಳಗೇ ನಗುತ್ತಿದ್ದರು.

ನಗುವುದಕ್ಕೆ ಕಾರಣವಿತ್ತು. ಇವರ ಸೋದರಮಾವ ಕಲ್ಯಾಣಪ್ಪ ನಮ್ಮ ಮನೆಯ ಮೆಟ್ಟಿಲು ತುಳಿಯದೆ ಮೂರು ವರ್ಷವಾಗಿತ್ತು. ತಾಯಿಯ ಕೊನೆಯ ತಮ್ಮ, ವಯಸ್ಸಿನಲ್ಲಿ ಇವರಿಗಿಂತಲೂ ಚಿಕ್ಕವರು. ತಾಯಿ ಮಗಳು ಒಂದೇ ಮನೆಯಲ್ಲಿ ಹಿಂದೆಮುಂದೆ ಹೆರುತ್ತಿದ್ದ ಕಾಲ, ಹೀಗೆ ಆಗುತ್ತಿತ್ತು. ಇಬ್ಬರೂ ಕೂಡಿ ಬೆಳೆದವರು, ಕೂಡಿ ಮಾವಿನಕಾಯಿ ಕದ್ದವರು. ಭೂಕಂಪದ ವರ್ಷ ಗಣಪತಿ ಕಳಿಸುವುದನ್ನು ನೋಡಲು ಮಾವ ನಿಲಂಗಾದಿಂದ ನಮ್ಮ ಹಳೆಯ ಮನೆಗೆ ಬಂದಿದ್ದರು. ಬೆಳಗಿನ ಜಾವ ಎತ್ತುಗಳು ಒದರುತ್ತಿದ್ದವೆಂದು ಇವರು ಎದ್ದು ಬಿಚ್ಚಲು ಹೋದರು. ನಾನು ಮತ್ತು ತ್ರಿವೇಣಿ ಅಂಗಳದಲ್ಲಿ ಮಲಗಿದ್ದೆವು. ಒಳಗಿದ್ದವರು ಮಾವ ಒಬ್ಬರೇ. ಭೂಮಿ ನಡುಗಿತು, ಕಲ್ಲುಮಣ್ಣಿನ ಗೋಡೆ ಕುಸಿಯಿತು. ಮಧ್ಯಾಹ್ನ ಅವರನ್ನು ಹೊರಗೆ ತೆಗೆದಾಗ ಜೀವ ಇತ್ತು, ಎಡಗಾಲು ಮುರಿದಿತ್ತು.

ನಿಲಂಗಾದಲ್ಲಿ ಮಾವನದು ಎತ್ತಿನ ಹಗ್ಗ, ಗೆಜ್ಜೆ ಮಾರುವ ಅಂಗಡಿ. ಅಂದಿನಿಂದ ಗಿರಾಕಿಗಳಿಗೆ ಹಗ್ಗದ ಜೊತೆ ಒಂದು ಕಥೆಯೂ ಸಿಗುತ್ತಿತ್ತು: "ನಮ್ಮ ಭಾಚಾಗ ಎತ್ತು ದೊಡ್ದು, ಮಾವ ಸಣ್ಣಾಂವ. ಎತ್ತು ಬಿಚ್ಚಿದಾ, ನಂಗ ಒಂದ್ ಕೂಗು ಹಾಕಲಿಲ್ಲ." ಅಕ್ಕನ ಮಗನಿಗೆ ಅವರು ಮರಾಠಿಯಂತೆ ಭಾಚಾ ಎಂದೇ ಕರೆಯುವುದು. ಈ ಕಥೆ ನಮ್ಮೂರಿಗೂ ಬಂತು. ಇವರು ತಾಟು ಹಿಡಿದು ಕೂತರು. ನಾನೂ ಆ ಹೊತ್ತು ಇವರನ್ನು ಕಂಡವಳೇ. ಹಗ್ಗ ಕೈಯಲ್ಲಿ ಹಿಡಿದು ಬಾಯಿ ತೆರೆದು ಸುಮ್ಮನೆ ನಿಂತಿದ್ದರು.

ಮರುದಿನ ನಾನು ನಿಲಂಗಾದ ಬಸ್ಸು ಹತ್ತಿದೆ. ಅಂಗಡಿಯ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಮಾವನ ಕಾಲಿಗೆ ಬಿದ್ದೆ.

"ಏನ್ ಬಂದಿ ಸುಗಂಧಾ? ಎತ್ತು ಆರಾಮ ಅವ?" ಎಂದರು ಮಾವ.

"ಆರಾಮ ಅವ ಮಾವಾರ. ನಿಮ್ಮ ಭಾಚಾನ ಕಿವಿ ಚುಚ್ಚಸೋದದ. ಕರೀಲಿಕ್ಕ ಬಂದೀನಿ."

"ಯಾರ ಕಿವಿ?"

"ನಿಮ್ಮ ಭಾಚಾನವು. ಸೋದರಮಾವನ ತೊಡಿನೇ ಬೇಕಂತ ನಾಕು ಮಂದ್ಯಾಗ ಹೇಳ್ಯಾರ."

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಾವ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ನಾ ಬರಲ್ಲ. ಎತ್ತಿನ ತೊಡಿ ಮ್ಯಾಲ ಕುಂಡ್ರು ಅಂತ ಹೇಳು."

"ಆತ್ರಿ, ಹೋಗ್ತೀನಿ" ಎಂದು ಎದ್ದೆ. ಎರಡು ಹೆಜ್ಜೆ ಇಟ್ಟು ನನ್ನಷ್ಟಕ್ಕೆ ಎಂಬಂತೆ ಅಂದೆ, "ಪಾಪ, ಐದು ಸೂಜಿ ಅಂತ."

"ಏ, ನಿಂದ್ರು. ಐದು?"

"ಒಂದೊಂದು ಕಿವಿಗಿ."

ಮಾವನ ಮುಖ ಮೆಲ್ಲಗೆ ಅರಳತೊಡಗಿತು. "ಎರಡೂ ಕಿವಿಗಿ ಐದೈದು! ಚೀರಿದ್ರ?"

"ಅದಕ್ಕೇ ಅಲ್ಲರಿ ಮಾವ ಬೇಕಾಗೋದು? ಅಲಗಾಡಲಾರದಂಗ ನೀವು ಗಟ್ಟಿ ಹಿಡೀಬೇಕು."

ಕಲ್ಯಾಣಪ್ಪ ಮಾವ ಹೆಗಲ ಮೇಲಿನ ಟವೆಲ್ಲು ಕೊಡವಿ ಹೊದ್ದುಕೊಂಡರು. "ಬೆಲ್ಲ ನಾನೇ ತರ್ತೀನಿ. ಹೋಗಿ ಹೇಳು."

ನಾನು ಯಾಕೆ ಹೇಳಲಿ? ಬಾಯಿ ಹೊಲಿದುಕೊಂಡಿದ್ದೆ. ಸಂತೆಗೆ ಮೆಣಸಿನಕಾಯಿ ತರೋಣ ಬನ್ನಿ ಎಂದು ಇವರನ್ನು ಕಾಸಾರಶಿರಸಿಗೆ ಹೊರಡಿಸಿದೆ. ಸಂತೆಯಲ್ಲಿ ನಮ್ಮ ಕಟ್ಟೆಯ ಜನರೆಲ್ಲ ಸಿಕ್ಕರು. ಅಷ್ಟರಲ್ಲಿ ನಿಲಂಗಾದ ಬಸ್ಸು ಬಂತು. ಹೊಸ ಧೋತರ, ಹಣೆಗೆ ದೊಡ್ಡ ವಿಭೂತಿ, ಬಗಲಲ್ಲಿ ಬೆಲ್ಲದ ಪೆಂಟೆ, ಕೈಯಲ್ಲಿ ಕೊಬ್ಬರಿ ಬಟ್ಟಲು. ಮದುವೆಗೆ ಬಂದ ಬೀಗರಂತೆ ಮಾವ ಕುಂಟುತ್ತ ಇಳಿದರು. ನನ್ನ ಗಂಡನ ಮುಖ ನೋಡಬೇಕಿತ್ತು! ಮೆಣಸಿನಕಾಯಿ ಚೀಲ ಕೈಯಿಂದ ಜಾರಿತು.

"ಮಾವ ಬಂದಾರಲ್ಲ ಮಹಾದೇವಪ್ಪಣ್ಣ, ಇನ್ನೇನು ಅಡ್ಡಿ? ನಡೀರಿ!" ಎಂದರು ಕಟ್ಟೆಯವರು. ನಾಲ್ಕು ಜನರ ಮುಂದೆ ಆಡಿದ ಮಾತು ಅದೇ ನಾಲ್ಕು ಜನರ ಕೈಯಲ್ಲಿ ಅವರನ್ನು ಹಿಡಿದುಕೊಟ್ಟಿತು. ನನ್ನತ್ತ ಒಮ್ಮೆ ಕಣ್ಣು ಕೆಕ್ಕರಿಸಿದರು. ನಾನು ಮೆಣಸಿನಕಾಯಿ ಆರಿಸುತ್ತ ಕೂತೆ.

ಸಮಾಜ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರ್ ಮೀನಲಬಾಯಿ ಬಾಗಿಲಲ್ಲಿ ನಿಂತು ಕಣ್ಣು ಬಿಡುತ್ತಿದ್ದಳು. "ಬಾಪ್ ರೇ, ಇಷ್ಟೆಲ್ಲ ಪೇಶಂಟಾ?"

"ಅರ್ಧಾ ಪೇಶಂಟ್ರಿ ಬಾಯಿ," ಎಂದಳು ಸರುಬಾಯಿ, "ಅರ್ಧಾ ಸೋದರಮಾವಂದಿರು."

ನಿಜ. ಕಟ್ಟೆಯ ಮಾತು ಕೇಳಿ ಲೋಹಾರಾದವರೆಗಿನ ಜನ ತಮ್ಮ ತಮ್ಮ ಮಾವಂದಿರನ್ನು ಹೊರಡಿಸಿಕೊಂಡು ಬಂದಿದ್ದರು. ಕಣ್ಣು ಕಾಣದ ಮಾವ, ಹಲ್ಲಿಲ್ಲದ ಮಾವ, ಕೋರ್ಟಿನಲ್ಲಿ ಕೇಸು ನಡೆಸುತ್ತಿದ್ದ ಮಾವ. ಒಬ್ಬ ತೀರಿಹೋದ ಮಾವನ ಫೋಟೋ ಹಿಡಿದು ಕೂತಿದ್ದ. ಎಲ್ಲ ಕಡೆ ಕೊಬ್ಬರಿ ಕಡಿಯುವ ಕಟಕಟ ಸದ್ದು.

"ಅಹೋ, ಇದು ಕಾನ್ ಟೋಚಣೆ ಅಲ್ಲ!" ಡಾಕ್ಟರಬಾಯಿ ಕೈಮುಗಿದಳು. "ಕಿವಿಗೆ ತೂತು ಬೀಳಲ್ಲ, ವಾಲಿ ಹಾಕಲ್ಲ. ಸೂಜಿ ಇಟ್ಕೊಂಡು ಶಾಂತ ಕೂಡೋದು, ಅಷ್ಟೇ. ಮತ್ತ ನಿಮ್ಮ ಡಾಕ್ಟರ್ ಕೊಟ್ಟ ಗುಳಿಗಿ ಯಾರೂ ಬಿಡಬಾರದು. ಇದು ಅದರ ಬದಲಿ ಅಲ್ಲ, ಅದರ ಜೋಡಿ." ನಾನು ಗಂಡನತ್ತ ನೋಡಿದೆ. ಅವರು ಗೋಡೆ ನೋಡಿದರು.

ಮಾವಂದಿರು ಯಾರೂ ಎದ್ದು ಹೋಗಲಿಲ್ಲ. ಬಸ್ಸು ಹತ್ತಿ ಬಂದ ಮೇಲೆ ತೊಡೆ ಕೊಡದೆ ಹೋಗುವುದುಂಟೇ?

ನನ್ನ ಗಂಡ ಹೊಸ್ತಿಲಲ್ಲೇ ನಿಂತುಬಿಟ್ಟರು. "ಮ್ಯಾಲ ಸ್ಲ್ಯಾಬ್ ಅದ" ಎಂದರು ನನಗಷ್ಟೇ ಕೇಳುವಂತೆ. ನನ್ನ ತುಂಟತನವೆಲ್ಲ ಒಂದು ಗಳಿಗೆ ಇಂಗಿಹೋಯಿತು. ಒಳಗೆ ಬಾಗಿಲ ಪಕ್ಕದಲ್ಲೇ ಚಾಪೆಯ ಮೇಲೆ ಮಾವ ಎಡಗಾಲು ಚಾಚಿ ಕೂತು, ಬಲತೊಡೆ ತಟ್ಟಿದರು.

"ಬಾರಲೇ ಭಾಚಾ! ನಾಚಿಗಿ ಬರ್ತದೇನು?"

ಇಡೀ ಮಂದಿರ ನಕ್ಕಿತು. ನಗು ಕೇಳಿದ್ದೇ ಇವರು ಸಿಟ್ಟಿನಿಂದ ಒಳಗೆ ನುಗ್ಗಿ ಮಾವನ ತೊಡೆಯ ಮೇಲೆ ಧೊಪ್ಪನೆ ಕೂತರು. "ಅಯ್ಯಯ್ಯೋ, ಇಳೀಲೇ ಕೋಣ!" ಎಂದು ಮಾವ ಚೀರಿದರು. ಆ ದಿನ ಅಲ್ಲಿ ಚೀರಿದವರು ಅವರೊಬ್ಬರೇ. ಡಾಕ್ಟರಬಾಯಿ ಓಡಿ ಬಂದು ರಾಜಿ ಮಾಡಿಸಿದಳು. ಇವರು ಚಾಪೆಯ ಮೇಲೆ ಮಲಗಬೇಕು, ಮಾವನ ತೊಡೆಗೆ ತಲೆ ಮಾತ್ರ. ಪದ್ಧತಿಗೂ ಊನವಿಲ್ಲ, ತೊಡೆಗೂ ಊನವಿಲ್ಲ.

ಮಾವ ಇವರ ಬಾಯಿಗೆ ಒಂದು ಹಿಡಿ ಬೆಲ್ಲ-ಕೊಬ್ಬರಿ ತುರುಕಿದರು. ಸೂಜಿ ಚುಚ್ಚುತ್ತಿದ್ದಂತೆ "ಒಂದ್... ಎರಡ್..." ಎಂದು ಆನಂದದಿಂದ ಎಣಿಸಿದರು. ಇವರು ಹುಬ್ಬು ಕೂಡ ಅಲುಗಿಸಲಿಲ್ಲ. ಮಾವನಿಗೆ ಬಹಳ ನಿರಾಶೆಯಾಯಿತು. "ಇಷ್ಟೇ ಏನ್ರಿ ಬಾಯಿ? ಇನ್ನೊಂದೆರಡು ಹಚ್ಚರಲ್ಲ" ಎಂದು ಕೇಳಿಯೂ ಕೇಳಿದರು.

"ಇನ್ನು ಸೂಜಿ ತೆಗೆಯೋತನಕ ಯಾರೂ ಮಾತಾಡಬಾರದು" ಎಂದಳು ಡಾಕ್ಟರಬಾಯಿ.

ನಮ್ಮ ಕಡೆಯ ಅಷ್ಟು ಜನ ಒಂದೇ ಕಡೆ ಕೂತು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂತೆಯ ಗದ್ದಲ ದೂರದಲ್ಲಿ ಕೇಳುತ್ತಿತ್ತು. ಮಾವನಿಗೆ ಮಾತ್ರ ಸುಮ್ಮನಿರುವುದು ಹುಟ್ಟಿನಿಂದ ಬಂದದ್ದಲ್ಲ. ಅಕ್ಕನ ಮಗ ಸೂಜಿ ಸಮೇತ ಕೈಗೆ ಸಿಕ್ಕಿದ್ದಾನೆ, ಬಾಯಿ ತುಂಬ ಬೆಲ್ಲವಿದೆ, ಉತ್ತರ ಕೊಡುವಂತಿಲ್ಲ. ಬಗ್ಗಿ, ಸೂಜಿ ಚುಚ್ಚಿದ ಕಿವಿಯಲ್ಲೇ ಪಿಸುಗುಟ್ಟಿದರು. ಹಿಂದೆ ಕೂತಿದ್ದ ನನಗೆ ಪ್ರತಿ ಮಾತೂ ಕೇಳಿತು.

"ಈಗ ಹೇಳಲೇ. ಎತ್ತು ಬಿಚ್ಚಿದಿ. ನಾ ಒಳಗಿದ್ದೆ. ಒಂದ್ ಕೂಗು. ಕೂಡಿ ಬೆಳದವರು ನಾವು. ಒಂದೇ ಒಂದ್ ಕೂಗು ಹಾಕಲಿಲ್ಲಲ್ಲ ಮಹಾದೇವಾ?"

ಮೊದಲು ಅವರ ಗಂಟಲಲ್ಲಿ ಹುಡುಗಾಟವಿತ್ತು. ಕೊನೆಯ ಮಾತಿಗೆ ಇರಲಿಲ್ಲ. ನನ್ನ ಗಂಡ ಬೆಲ್ಲವನ್ನು ಕಷ್ಟಪಟ್ಟು ನುಂಗಿದರು. ಕಣ್ಣಿನ ನೀರು ಹರಿದು ಕಿವಿಯ ಸೂಜಿಯ ತನಕ ಬಂತು.

"ಕೂಗಿದೆ ಮಾವಾ. ಬಾಯಿ ತೆರೆದೆ, ದನಿನೇ ಬರಲಿಲ್ಲ. ಗ್ವಾಡಿ ಬೀಳೋದು ಕಾಣಸ್ಲಿಕತ್ತಿತ್ತು, ನೀ ಒಳಗಿದ್ದಿ. ಮಾವಾ ಅಂತ ಕೂಗ್ಲಿಕ್ಕ ಹೋದ್ರ ಗಂಟಲ ಕಟ್ಟಿ ನಿಂತಿತ್ತು. ಹಗ್ಗ ಕೈಯಾಗಿತ್ತು, ಅದು ಯಾಕಿತ್ತು ಅನ್ನೋದು ಸೈತ ಗೊತ್ತಿಲ್ಲ."

ಮಾವ ಟವೆಲ್ಲಿನ ತುದಿಯಿಂದ ಇವರ ಕೆನ್ನೆಯ ನೀರು ಒರೆಸಿದರು. ಆಮೇಲೆ ಕೇಳಿದರು, "ಹಂಗಂದ್ರ ಆ ತಾಟು?"

"ತಾಟಿಗಿ ಗಂಟಲ ಕಟ್ಟಲ್ಲ, ಮಾವಾ."

ಮೂರು ವರ್ಷ ಆ ತಾಟಿಗೆ ನಾನು ಇಡದ ಶಾಪವಿಲ್ಲ. ಬಾಯಿ ತೆರೆದು ನಿಂತ ಗಂಡನನ್ನು ಕಣ್ಣಾರೆ ಕಂಡಿದ್ದೆ, ಆ ಬಾಯಲ್ಲಿ ಏನಿತ್ತೆಂದು ಒಮ್ಮೆಯೂ ಕೇಳಿರಲಿಲ್ಲ. ಸೆರಗು ಒತ್ತಿ ಅತ್ತುಬಿಟ್ಟೆ. ಡಾಕ್ಟರಬಾಯಿ ದೂರದಿಂದ "ಶ್!" ಎಂದಳು.

ಮಾವ ತಮ್ಮ ಒರಟು ಅಂಗೈಯನ್ನು ಇವರ ಹಣೆಯ ಮೇಲಿಟ್ಟರು. ತೆಗೆಯಲೇ ಇಲ್ಲ. ಸೂಜಿ ತೆಗೆಯುವ ಹೊತ್ತಿಗೆ ಇವರು ಗೊರಕೆ ಹೊಡೆಯುತ್ತಿದ್ದರು. ಮೇಲೆ ಸ್ಲ್ಯಾಬ್ ಇತ್ತು, ರಸ್ತೆಯಲ್ಲಿ ಲಾರಿ ಹಾದುಹೋಯಿತು, ಇವರು ಮಗ್ಗುಲು ಬದಲಿಸಿದರು ಅಷ್ಟೇ. ಜನ ಎದ್ದು ಹೋದರು. ನಿಲಂಗಾದ ಬಸ್ಸು ಹಾರ್ನ್ ಹಾಕಿತು.

"ಮಾವಾರ, ನಿಮ್ಮ ಬಸ್ಸು..." ಎಂದೆ.

"ಹೋಗ್ಲಿ ಬಿಡು. ತೊಡಿ ಜೋಮು ಹಿಡದದ, ಏಳ್ಲಿಕ್ಕ ಬರಲ್ಲ" ಎಂದರು ಮಾವ. "ಎಬ್ಬಸಬ್ಯಾಡ. ಮಲ್ಗ್ಯಾನ."

ಅಂದು ಮಾವ ನಮ್ಮ ಮನೆಗೇ ಬಂದರು. ಹಾಗೆಂದು ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ನಾನು ಪುರಾಣ ಹೇಳಿದಂತಾದೀತು. ಇವರು ಶೆಡ್ಡಿನಿಂದ ಪಡಸಾಲೆಗೆ ಬಂದರು, ಪಡಸಾಲೆಯಿಂದ ಹೊಸ್ತಿಲಿಗೆ. ತಲೆ ಒಳಗೆ, ಕಾಲು ಹೊರಗೆ ಇಟ್ಟು ಮಲಗುತ್ತಿದ್ದರು. ಸಂತೆ ಸಂತೆಗೆ ಸೂಜಿ ಹಾಕಿಸಿಕೊಂಡರು. ಗುಳಿಗೆಯನ್ನು ನನ್ನ ಮುಂದೆ ನುಂಗಿ ಬಾಯಿ ತೆರೆದು ತೋರಿಸಬೇಕಿತ್ತು, ಬಿಡುತ್ತಿದ್ದೆನೇ? ಎಮ್ಮೆಗೆ ಎಚ್ಚರ ಬಂದು ಹಾಲು ಕರೆಯುವಾಗ ಒದೆಯತೊಡಗಿತು. ಗುಣ ಸೂಜಿಯದೋ ಗುಳಿಗೆಯದೋ ನನಗೆ ತಿಳಿಯದು. ತನ್ನ ತೊಡೆಯದೆಂದು ಮಾವ ಆಣೆ ಇಟ್ಟು ಹೇಳುತ್ತಿದ್ದರು. ಮಾವ ಇಲ್ಲದ ಪೇಶಂಟುಗಳು ಸಂತೆಯ ದಿನ ಬಂದು "ಕಲ್ಯಾಣಪ್ಪ ಮಾವಾ, ನಂದೂ ಸ್ವಲ್ಪ ತಲಿ ಇಟ್ಕೋರಿ" ಎಂದು ಕೇಳುವವರೆಗೆ ಅವರ ಕೀರ್ತಿ ಬೆಳೆಯಿತು.

ಜಳಕೋಟಕ್ಕೂ ಮಾವನೇ ಹೋದರು. ರಂಭಾಬಾಯಿಯ ಮುಂದೆ ಊರುಗೋಲು ಊರಿ ಕೂತು, "ಕೂಸಿನ ಜವಾಬ್ದಾರಿ ನಂದು. ಹುಡಗಿಗಿ ಕಳಸ್ರಿ" ಎಂದರಂತೆ. ಬೀಗತಿ ಕಳಿಸಿದಳು, ಒಂದು ಷರತ್ತು ಹಾಕಿ. ತಾಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಬೇಕು, ಕೀಲಿ ನನ್ನ ಸೊಂಟದಲ್ಲಿರಬೇಕು. ಇವರು ತಾಟನ್ನು ತಾವೇ ತಂದು ನನ್ನ ಕೈಗೆ ಕೊಟ್ಟರು. ತ್ರಿವೇಣಿ ಬಂದು ನನ್ನ ಪಕ್ಕದಲ್ಲಿ ಮಲಗಿದ ದಿನ ನಾನು ಸುಮ್ಮಸುಮ್ಮನೆ ಅವಳ ತಲೆ ನೇವರಿಸುತ್ತಲೇ ಇದ್ದೆ.

ದಿನ ತುಂಬಿದಾಗ ನಿಲಂಗಾದಿಂದ ಮಾವ ಬಂದರು, ರಂಭಾಬಾಯಿಯೂ ಬಂದಳು, ಬಾಣಂತನದ ನೆಪದಲ್ಲಿ ನಮ್ಮ ಮನೆಯ ತನಿಖೆಗೆ. ಒಂದು ಮಧ್ಯಾಹ್ನ ಸೂಲಗಿತ್ತಿ ಒಳಗಿನಿಂದ ಕೂಗಿದಳು: ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ನನ್ನ ಗಂಡ ನನ್ನೆದುರು ಕೈ ಚಾಚಿ ನಿಂತರು.

"ಕೀಲಿ ಕೊಡು. ತಾಟು ಬೇಕು."

"ಹುಚ್ಚು ಹಿಡೀತೇನ್ರಿ? ಬೀಗತಿ ಇಲ್ಲೇ ಅದಾಳ!"

"ಕೂಸು ಹುಟ್ಟಿದ್ರ ತಾಟು ಬಡೀಬೇಕು, ಮುಂದ ಯಾವ ಸಪ್ಪಳಕ್ಕೂ ಅಂಜಲ್ಲ. ಹಿರೇರು ಮಾಡ್ಕೋತ ಬಂದಾರ."

ನಾನು ರಂಭಾಬಾಯಿಯ ಮುಖ ನೋಡಿದೆ. ಆಕೆ ಗದ್ದಕ್ಕೆ ಕೈಯಿಟ್ಟು ಯೋಚಿಸಿ, "ಪದ್ಧತಿ ಅಂದ್ರ ಪದ್ಧತಿ. ಬಡೀರಿ" ಎಂದಳು.

ಢಣ್ ಢಣ್ ಢಣ್!

ಮೂರು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ಇಡೀ ಓಣಿ ಬಯಲಿಗೆ ಓಡಿಬಂತು. ಸರುಬಾಯಿ ರೊಟ್ಟಿಯ ಹಿಟ್ಟಿನ ಕೈಯಲ್ಲಿ, ಅವಳ ಗಂಡ ಅರ್ಧ ಗಡ್ಡದ ಮೇಲೆ ಸಾಬೂನಿನ ನೊರೆ ಹೊತ್ತು. ಬಡೀರಿ ಎಂದ ರಂಭಾಬಾಯಿಯೇ ಸೆರಗು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಓಡಿದ್ದಳು. ಕಲ್ಯಾಣಪ್ಪ ಮಾವ ಊರುಗೋಲನ್ನೂ ಮರೆತು ಅಂಗಳದಲ್ಲಿದ್ದರು. ನಾನು ಹೊರಗೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ. ಸುತ್ತಲೂ ನೋಡಿದೆ, ನನ್ನ ಗಂಡ ಇರಲಿಲ್ಲ.

ಅವರು ಒಳಗಿದ್ದರು. ಸ್ಲ್ಯಾಬಿನ ಕೆಳಗೆ, ಮಗಳ ಕೋಣೆಯ ಬಾಗಿಲಲ್ಲಿ. ತಾಟಿನ ಸದ್ದು ನಿಂತಿತು. ಆಮೇಲೆ ಕೂಗು ಕೇಳಿತು, ಬರೀ ಗಂಟಲಿನ ಕೂಗು, ಬಸ್ಸಿನ ರಸ್ತೆಯವರೆಗೂ ಮುಟ್ಟುವಂಥದ್ದು.

"ಮಾವಾ! ಹೊರಗ ಯಾಕ ನಿಂತೀರಿ ಎಲ್ಲಾರೂ? ಮೊಮ್ಮಗಳು ಬಂದಾಳ. ಒಳಗ ಬರ್ರೀ!"

ಓಣಿಯವರು ನಕ್ಕರು, ಬೈದರು, ಮತ್ತೆ ನಕ್ಕರು. ಮಾವ ಮಾತ್ರ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಕೇಳಸ್ತೋ ಮಹಾದೇವಾ, ಕೇಳಸ್ತು" ಎನ್ನುತ್ತ ಕುಂಟಿಕೊಂಡು ಒಳಗೆ ನಡೆದರು.